ಗಾಳಿಗೆ ಹಾರಿದ ಹಿಟ್ಟು, ದೇವದೂತರ ಪಾಲು

ಐಲಾ ದ್ವೀಪದ ಬೋಮೋರ್ ಊರಿಗೆ ಇರುವುದು ಒಂದೇ ದೊಡ್ಡ ಬೀದಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹಡಗು ಹತ್ತಿ, ಸುಮಾರು ಎರಡು ಗಂಟೆ ಕಡಲ ಮೇಲೆ ತೂಗಾಡಿಕೊಂಡು ಬಂದವರು ಈ ಬೀದಿಯಲ್ಲಿ ನಿಂತರೆ ಮೊದಲು ಕಾಣುವುದು ಎರಡು ಕಟ್ಟಡಗಳು. ಬೀದಿಯ ಮೇಲ್ತುದಿಯಲ್ಲಿ 1767ರಲ್ಲಿ ಕಟ್ಟಿದ ದುಂಡನೆಯ ಚರ್ಚು. ಕೆಳತುದಿಯ ಹತ್ತಿರ, ಕಡಲಿಗೆ ಒತ್ತಿಕೊಂಡು, 1779ರಲ್ಲಿ ಶುರುವಾದ ವಿಸ್ಕಿ ಡಿಸ್ಟಿಲರಿ. ಚರ್ಚು ದುಂಡಗಿರುವುದು ಏಕೆಂದರೆ ಸೈತಾನನಿಗೆ ಅಡಗಿಕೊಳ್ಳಲು ಒಂದು ಮೂಲೆಯೂ ಸಿಗಬಾರದಂತೆ. ಊರವರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಮಾತು ಇದು.

ಡಿಸ್ಟಿಲರಿಯ ಒಂದನೇ ನಂಬರಿನ ಗೋದಾಮಿನ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ದಪ್ಪ ಕಲ್ಲುಗೋಡೆಯ ಆಚೆ ಲಾಖ್ ಇಂಡಾಲ್ ಕೊಲ್ಲಿಯ ಅಲೆಗಳು. ಈಚೆ ಅರೆಗತ್ತಲಲ್ಲಿ ಸಾಲುಸಾಲಾಗಿ ಮಲಗಿದ ಓಕ್ ಮರದ ಪೀಪಾಯಿಗಳು. ಒದ್ದೆ ಕಲ್ಲು, ಹಳೆಯ ಮರ, ಉಪ್ಪುಗಾಳಿ, ಇವೆಲ್ಲದರ ಮೇಲೊಂದು ಸಿಹಿ ಘಾಟು. ಇಂಥ ಗೋದಾಮುಗಳಲ್ಲಿ ಪೀಪಾಯಿಯ ಬಿರಡೆಯನ್ನು ಎಳೆದು ತೆಗೆಯುವ ಪದ್ಧತಿಯಿಲ್ಲ. ಬಳುಕುವ ಹಿಡಿಯ ಕೊಡತಿಯಿಂದ ಬಿರಡೆಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಲಗೆಗೆ ಹೊಡೆಯುತ್ತಾರೆ. ನಾಲ್ಕಾರು ಏಟಿಗೆ ಹಲಗೆ ನಡುಗಿ ಬಿರಡೆ ತಾನೇ ಮೇಲೆದ್ದು ಬರುತ್ತದೆ. ತೂತಿನೊಳಗೆ ಅಳತೆಕೋಲು ಇಳಿಬಿಟ್ಟರೆ, ಎಂದೋ ತುಂಬಿ ಇಟ್ಟಿದ್ದ ಪೀಪಾಯಿಯಲ್ಲಿ ವಿಸ್ಕಿ ಗೇಣುದ್ದ ಕೆಳಗಿಳಿದಿರುತ್ತದೆ. ಪೀಪಾಯಿ ಸೋರಿಲ್ಲ, ಯಾರೂ ಕದ್ದಿಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ದ್ವೀಪದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಏಂಜಲ್ಸ್ ಶೇರ್, ದೇವದೂತರ ಪಾಲು.

ಕನ್ನಡದಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಗಾದೆಯಿದೆ. ಗಾಳಿಗೆ ಹಾರಿದ ಹಿಟ್ಟು ಕೃಷ್ಣಾರ್ಪಣ. ಹಿಟ್ಟು ಹೊತ್ತು ಹೋಗುತ್ತಿದ್ದವನಿಗೆ ಬಿರುಗಾಳಿ ಎದುರಾಯಿತು, ಹಿಟ್ಟು ಹಾರಿಹೋಯಿತು, ಇನ್ನು ಕೈಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ಅದನ್ನು ಕೃಷ್ಣನಿಗೆ ಒಪ್ಪಿಸಿಬಿಟ್ಟ. ಗಾದೆ ಅವನನ್ನು ಹೊಗಳುತ್ತಿಲ್ಲ. ಕೈಯಲ್ಲಿದ್ದಾಗ ಒಂದು ಹಿಡಿಯನ್ನೂ ಕೊಡದವನು ಕೈಜಾರಿದ ಮೇಲೆ ದಾನಿಯಾದನಲ್ಲ ಎಂದು ಅದು ಕೇಳುತ್ತಿದೆ. ಐಲಾದ ಗೋದಾಮಿನ ಮಾತಿಗೂ ಇದೇ ಪ್ರಶ್ನೆ ಬಂದು ತಾಗುತ್ತದೆ. ತಡೆಯಲಾಗದ ನಷ್ಟಕ್ಕೆ ಕಾಣಿಕೆ ಎಂದು ಹೆಸರಿಟ್ಟರೆ ಅದು ಕಾಣಿಕೆಯಾದೀತೆ? ಅಥವಾ ಮನಸ್ಸಿನ ಸಮಾಧಾನಕ್ಕೆ ಕಟ್ಟಿಕೊಂಡ ಒಂದು ಚೆಂದದ ಸುಳ್ಳೆ?

ಪ್ರಶ್ನೆ ವಿಸ್ಕಿಗಿಂತ ದೊಡ್ಡದು. ಮುಪ್ಪು, ಮರಣ, ಬೆಳೆದು ದೂರ ಹೋಗುವ ಮಕ್ಕಳು, ಕಳೆದುಹೋದ ವರ್ಷಗಳು, ಇವು ಯಾವುವೂ ಮನುಷ್ಯನ ಅಪ್ಪಣೆ ಕೇಳಿ ಹೋಗುವುದಿಲ್ಲ. ಅವುಗಳ ಮುಂದೆ ನಿಂತು ಅರ್ಪಣೆ ಎನ್ನುವ ಮಾತಾಡಲು ಯಾರಿಗಾದರೂ ಹಕ್ಕಿದೆಯೆ? ದೊಡ್ಡ ಪ್ರಶ್ನೆಯನ್ನು ನೇರವಾಗಿ ಹಿಡಿಯುವುದು ಕಷ್ಟ. ಒಂದು ಪೀಪಾಯಿಯ ಬಳಿ ಕೂತು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲು ಲೆಕ್ಕ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಐಲಾದಲ್ಲಿ ಒಣಗಿಸಲು ಪೀಟ್ ಸುಡುವುದು ವಾಡಿಕೆ. ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿ ಮತ್ತು ಹುಲ್ಲೇ ಪೀಟ್. ಅದರ ಹೊಗೆಯೇ ಈ ದ್ವೀಪದ ವಿಸ್ಕಿಯ ಗುರುತು. ಮಾಲ್ಟ್ ಎನ್ನುವ ಈ ಮೊಳಕೆಕಾಳನ್ನು ನುಚ್ಚು ಮಾಡಿ, ಬಿಸಿನೀರಿನಲ್ಲಿ ಅದರ ಸಿಹಿ ತೆಗೆದು, ಯೀಸ್ಟ್ ಹಾಕಿ ಹುಳಿಬರಿಸಿ, ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸಿದರೆ ನೀರಿನಷ್ಟೇ ತಿಳಿಯಾದ ಸಾರಾಯಿ ಸಿಗುತ್ತದೆ. ಕಾಳಿನಿಂದ ಇಲ್ಲಿಯವರೆಗೆ ಬರಲು ಎರಡು ಮೂರು ವಾರ ಸಾಕು. ಆಮೇಲಿನದು ವರ್ಷಗಳ ಮಾತು. ಅದನ್ನು ಪೀಪಾಯಿಗೆ ತುಂಬಿ ಮಲಗಿಸಿದರೆ ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಎರಡರಷ್ಟು ಆವಿಯಾಗಿ ಹೋಗುತ್ತದೆ. 200 ಲೀಟರಿನ ಪೀಪಾಯಿ ಈ ಲೆಕ್ಕದಲ್ಲಿ 12 ವರ್ಷಕ್ಕೆ 157 ಲೀಟರಿಗೆ, 25 ವರ್ಷಕ್ಕೆ 121 ಲೀಟರಿಗೆ ಇಳಿಯುತ್ತದೆ. 50 ವರ್ಷ ಬಿಟ್ಟರೆ ಉಳಿಯುವುದು ಸುಮಾರು 73 ಲೀಟರ್. ಸ್ಕಾಟ್ಲೆಂಡಿನಲ್ಲಿ ಈಗ ಹೀಗೆ ಮಲಗಿರುವ ಪೀಪಾಯಿಗಳು ಸುಮಾರು 2.2 ಕೋಟಿ.

ಹೋಗುವುದು ಪ್ರಮಾಣವೊಂದೇ ಆಗಿದ್ದರೆ ಚಿಂತೆ ಕಡಿಮೆ. ಅಲ್ಲಿಯ ತೇವದ ಹವೆಯಲ್ಲಿ ನೀರಿಗಿಂತ ಆಲ್ಕೋಹಾಲ್ ಹೆಚ್ಚು ಆವಿಯಾಗುತ್ತದೆ. ಹಾಗಾಗಿ ವರ್ಷ ಕಳೆದಂತೆ ಕಸುವೂ ಇಳಿಯುತ್ತದೆ. ನೂರಕ್ಕೆ 40ಕ್ಕಿಂತ ಕೆಳಗೆ ಹೋಯಿತೆಂದರೆ ಕಾನೂನಿನ ಪ್ರಕಾರ ಅದನ್ನು ಸ್ಕಾಚ್ ಎನ್ನುವಂತಿಲ್ಲ. ತೀರ ಹೆಚ್ಚು ಕಾದವನ ಕೈಯಿಂದ ದೇವದೂತರು ವಸ್ತುವಿನ ಜೊತೆಗೆ ಅದರ ಹೆಸರನ್ನೂ ಕಿತ್ತುಕೊಂಡು ಹೋಗಿಬಿಡಬಹುದು.

ಇಷ್ಟೆಲ್ಲ ನಷ್ಟವಾಗುವುದಾದರೆ ಸಾರಾಯಿಯನ್ನು ಸ್ಟೀಲಿನ ಟ್ಯಾಂಕಿನಲ್ಲೋ ಗಾಜಿನ ಸೀಸೆಯಲ್ಲೋ ಭದ್ರವಾಗಿ ಮುಚ್ಚಿಡಬಾರದೆ? ಇಡಬಹುದು. ಹನಿಯೂ ಹೋಗುವುದಿಲ್ಲ. ಆದರೆ ಅದು ವಿಸ್ಕಿಯಾಗುವುದೂ ಇಲ್ಲ. ಹನ್ನೆರಡು ವರ್ಷದ ವಿಸ್ಕಿಯನ್ನು ಬಾಟಲಿಗೆ ತುಂಬಿ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಬೀರುವಿನಲ್ಲಿಟ್ಟರೂ ಅದರ ವಯಸ್ಸು ಹನ್ನೆರಡೇ. ಓಕ್ ಹಲಗೆಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಆವಿ ಹೊರಗೆ ಹೋಗುವ ಪೀಪಾಯಿಯ ಒಳಕ್ಕೆ ಹೊರಗಿನ ಗಾಳಿ ನುಸುಳಿ ಬರುತ್ತದೆ. ಆ ಗಾಳಿಯ ಆಮ್ಲಜನಕ, ಸುಟ್ಟು ಕರಿಮಾಡಿದ ಹಲಗೆಯ ಇದ್ದಿಲು, ಮರದೊಳಗಿನ ವೆನಿಲಿನ್‌ನಂಥ ಪದಾರ್ಥಗಳು, ಇವೆಲ್ಲ ಸೇರಿ ಗಂಟಲು ಕೊರೆಯುವ ಹಸಿ ಸಾರಾಯಿಗೆ ಬಣ್ಣ, ಪರಿಮಳ, ಮೃದುತ್ವ ಕೊಡುತ್ತವೆ. ಕೆಡಿಸುವ ಬಾಗಿಲು ಒಂದು, ಮಾಗಿಸುವ ಬಾಗಿಲು ಇನ್ನೊಂದು ಎಂದೇನೂ ಇಲ್ಲ. ಹೋಗುವುದೂ ಬರುವುದೂ ಒಂದೇ ದಾರಿಯಲ್ಲಿ.

ಗಾದೆಯ ಹಿಟ್ಟಿಗೂ ಐಲಾದ ವಿಸ್ಕಿಗೂ ಮೊದಲ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಹಾರಿದ ಹಿಟ್ಟಿನಿಂದ ಉಳಿದ ಹಿಟ್ಟಿಗೆ ಏನೂ ಆಗುವುದಿಲ್ಲ. ಹಾರಿದ ವಿಸ್ಕಿಯಿಂದ ಉಳಿದದ್ದು ವಿಸ್ಕಿಯಾಗುತ್ತದೆ. ಕಣದಲ್ಲಿ ರಾಶಿ ತೂರುವ ರೈತನೂ ಗಾಳಿಗೆ ಒಂದು ಪಾಲು ಬಿಡುತ್ತಾನೆ. ಹೊಟ್ಟಿನ ಜೊತೆ ನಾಲ್ಕು ಕಾಳೂ ಹಾರಿಹೋಗುತ್ತವೆ. ಆದರೆ ಅವನು ಗಾಳಿಗಾಗಿ ಕಾದು ನಿಂತವನು. ಗಾಳಿ ಬರದಿದ್ದರೆ ಅವನಿಗೆ ರಾಶಿಯೇ ಇಲ್ಲ.

ಈ ಕಾಯುವಿಕೆ ಕಾನೂನಾಗಿದ್ದರ ಹಿಂದೆ ಒಂದು ಚರಿತ್ರೆಯಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಮಂತ್ರಿಯಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ಕುಡಿತದ ಕಟ್ಟಾ ವಿರೋಧಿ. ಯುದ್ಧದಲ್ಲಿ ಜರ್ಮನಿ, ಆಸ್ಟ್ರಿಯಾಗಳಿಗಿಂತ ಕುಡಿತವೇ ದೊಡ್ಡ ಶತ್ರು ಎಂದು 1915ರಲ್ಲಿ ಸಾರಿದವನು. ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ಹಸಿ ಸಾರಾಯಿ ಕುಡಿದು ಕೆಡುತ್ತಿದ್ದಾರೆ ಎಂಬ ಆತಂಕವಿತ್ತು. ಪೂರ್ತಿ ನಿಷೇಧ ಸಾಧ್ಯವಾಗಲಿಲ್ಲ. ಅದರ ಬದಲು 1915ರಲ್ಲಿ ಬಂದ ಕಾಯಿದೆ, ಎರಡು ವರ್ಷ ಗೋದಾಮಿನಲ್ಲಿ ಇಡದೆ ವಿಸ್ಕಿ ಮಾರುವಂತಿಲ್ಲ ಎಂದಿತು. ಮರುವರ್ಷ ಅದು ಮೂರು ವರ್ಷವಾಯಿತು. ಇಂದಿಗೂ ಸ್ಕಾಚ್ ಎನಿಸಿಕೊಳ್ಳಲು 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲೇ, ಕನಿಷ್ಠ ಮೂರು ವರ್ಷ ಮಲಗಬೇಕು. ಕುಡಿತವನ್ನು ತಡೆಯಹೊರಟ ಮನಸ್ಸೇ ವಿಸ್ಕಿಗೆ ತಾಳ್ಮೆಯನ್ನು ಕಡ್ಡಾಯ ಮಾಡಿತು. ದೇವದೂತರ ಪಾಲಿಗೆ ಸರ್ಕಾರದ ಮುದ್ರೆ ಬಿದ್ದದ್ದು ಹೀಗೆ.

ಅಂದ ಮೇಲೆ ಈ ಪಾಲನ್ನು ನಿಜವಾಗಿ ಉಣ್ಣುವವರು ಯಾರು? ಹಳೆಯ ಗೋದಾಮುಗಳ ಹೊರಗೋಡೆ, ಛಾವಣಿ, ಹತ್ತಿರದ ಮರಗಳ ತೊಗಟೆ ನೋಡಿದರೆ ಉತ್ತರ ಸಿಗುತ್ತದೆ. ಮಸಿ ಬಳಿದಂತೆ ಕಪ್ಪಾಗಿರುತ್ತವೆ. ಆ ಕಪ್ಪು ಒಂದು ಶಿಲೀಂಧ್ರ. ಫ್ರಾನ್ಸಿನ ಕೊನ್ಯಾಕ್ ಊರಿನ ಬ್ರಾಂಡಿ ಗೋದಾಮುಗಳ ಗೋಡೆಯ ಮೇಲೆ ಅದನ್ನು ಕಂಡು 1872ರಲ್ಲಿ ಬರೆದಿಟ್ಟವನು ಬೊದುವೆನ್ ಎಂಬಾತ. ವಿಜ್ಞಾನಿಗಳು 2007ರಲ್ಲಿ ಅದಕ್ಕೆ ಅವನ ಹೆಸರನ್ನೇ ಸೇರಿಸಿ ಬೊಡೋನಿಯಾ ಎಂದು ಕರೆದರು. ಗಾಳಿಯಲ್ಲಿ ತೇಲಿಬರುವ ಆಲ್ಕೋಹಾಲಿನ ಆವಿ ಅದರ ಬೆಳವಣಿಗೆಗೆ ನೆರವಾಗುತ್ತದೆ. ಫ್ರೆಂಚರಲ್ಲೂ ದೇವದೂತರ ಪಾಲು ಎಂಬ ಮಾತಿದೆ, ಅಲ್ಲೂ ಗೋಡೆ ಕಪ್ಪು.

ಇದರಿಂದ ಆ ಹೆಸರಿನ ಪಾವಿತ್ರ್ಯ ಕೆಟ್ಟಿತು ಎಂದುಕೊಳ್ಳಬೇಕಾಗಿಲ್ಲ. ಎಡೆ ಇಟ್ಟು ಕಾಗೆಗೆ ಕಾಯುವವರಿಗೆ, ಊಟಕ್ಕೆ ಮೊದಲು ಇರುವೆಗೂ ನಾಯಿಗೂ ತುತ್ತು ಎತ್ತಿಡುವ ಭೂತಯಜ್ಞವನ್ನು ಮನೆಯ ಧರ್ಮ ಮಾಡಿಕೊಂಡವರಿಗೆ, ಕಾಣದವರ ಪಾಲನ್ನು ಕಾಣುವ ಸಣ್ಣ ಜೀವ ಉಣ್ಣುವುದು ಹೊಸ ಸಂಗತಿಯೇನಲ್ಲ. ಉಂಡವರು ಯಾರು ಎಂಬುದರಿಂದ ಅರ್ಪಣೆ ತೀರ್ಮಾನವಾಗುವುದಿಲ್ಲ. ಕೊಟ್ಟವರ ಕಡೆ ಏನು ನಡೆಯಿತು ಎಂಬುದನ್ನೇ ನೋಡಬೇಕು.

ಕೊಡುವುದರ ಬೇರೊಂದು ರೀತಿಯನ್ನು ನೋಡಲು ಐಲಾದಿಂದ ಉತ್ತರಕ್ಕೆ, ಲೂಯಿಸ್ ಮತ್ತು ಹ್ಯಾರಿಸ್‌ಗೆ ಹೋಗಬೇಕು. ಹೆಸರು ಎರಡಾದರೂ ನೆಲ ಒಂದೇ. ಕ್ಯಾಲ್ವಿನನ ಪಂಥದ ಕಟ್ಟುನಿಟ್ಟಿನ ಪ್ರೆಸ್ಬಿಟೇರಿಯನ್ ಕ್ರೈಸ್ತರ ಬೀಡು ಇದು. ವಾರದ ಏಳರಲ್ಲೊಂದು ದಿನ, ಸಬ್ಬತ್ ಎಂದು ಆಚರಿಸುವ ಭಾನುವಾರ, ದೇವರ ಪಾಲು. ಅಂದು ಅಂಗಡಿ ಮುಚ್ಚಿರುತ್ತಿತ್ತು, ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುತ್ತಿರಲಿಲ್ಲ. ಲೂಯಿಸ್‌ನ ಸ್ಟಾರ್ನೋವೇ ಬಂದರಿನಿಂದ ಆಚೆ ದಡದ ಉಲ್ಲಾಪೂಲ್‌ಗೆ ಭಾನುವಾರದ ಮೊದಲ ಹಡಗು ಹೊರಟದ್ದು 2009ರ ಜುಲೈ 19ರಂದು. ಅಂದು ಹಡಗನ್ನು ಬೀಳ್ಕೊಡಲು ಬಂದು ಚಪ್ಪಾಳೆ ತಟ್ಟಿದವರೂ ಇದ್ದರು, ಅದು ಆಗಬಾರದಿತ್ತೆಂದು ಪ್ರಾರ್ಥಿಸಿದವರೂ ಇದ್ದರು.

ಸಬ್ಬತ್ ಮತ್ತು ಪೀಪಾಯಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಭಾನುವಾರವನ್ನು ಗಾಳಿ ಹಾರಿಸಿಕೊಂಡು ಹೋಗುವುದಿಲ್ಲ. ಕೆಲಸ ಮಾಡಬಹುದಾದ ದಿನ, ಸಂಪಾದಿಸಬಹುದಾದ ದಿನ. ಅದನ್ನು ಮನುಷ್ಯ ತಾನಾಗಿ ಎತ್ತಿಡುತ್ತಾನೆ. ಹಾಗಾದರೆ ನಿಜವಾದ ಕಾಣಿಕೆ ಇದೇ ಎನ್ನಬೇಕು. ಆದರೆ ಊರಿನ ಕಣ್ಣಿಗೆ ಹೆದರಿ ಬಟ್ಟೆ ಒಣಹಾಕದ ಹೆಂಗಸು ಏನನ್ನು ಕೊಟ್ಟಳು? ಹಡಗೇ ಇಲ್ಲದ್ದರಿಂದ ಮನೆಯಲ್ಲಿ ಉಳಿದವನು ಏನನ್ನು ಕೊಟ್ಟ? ನಿಯಮ ನೂರಕ್ಕೆ ನೂರು ಪಾಲನೆಯಾದ ಊರಿನಲ್ಲೂ ಕೊಟ್ಟವರೆಷ್ಟು, ಬಿಟ್ಟುಕೊಡಬೇಕಾಗಿ ಬಂದವರೆಷ್ಟು ಎಂದು ಹೊರಗಿನಿಂದ ಹೇಳುವುದಾಗದು. ತಡೆಯಬಹುದಾದದ್ದು, ತಡೆಯಲಾಗದ್ದು ಎಂಬ ಗೆರೆಯೊಂದರಿಂದ ಕಾಣಿಕೆಯನ್ನು ಗುರುತಿಸಲು ಬರುವುದಿಲ್ಲ.

ಪೂರ್ವಮೀಮಾಂಸೆಯವರು ಈ ಗಂಟನ್ನು ಬಹಳ ಹಿಂದೆಯೇ ಬಿಡಿಸಲು ಕೂತಿದ್ದರು. ಯಾಗಕ್ಕೆ ಅವರು ಹೇಳುವ ಅಂಗಗಳು ಮೂರು: ದ್ರವ್ಯ, ದೇವತೆ, ತ್ಯಾಗ. ತುಪ್ಪವನ್ನು ಬೆಂಕಿಗೆ ಸುರಿಯುವುದು ಹೋಮ, ಅದು ಕೈಯ ಕೆಲಸ. ಯಾಗವೆನ್ನುವುದು ಅದಕ್ಕಿಂತ ಬೇರೆ. ಇದು ಇನ್ನು ನನ್ನದಲ್ಲ ಎಂದು ಯಜಮಾನ ಮನಸ್ಸಿನಲ್ಲಿ ಬಿಟ್ಟುಕೊಡುವ ಗಳಿಗೆಯೇ ಯಾಗ. ಬೆಂಕಿಗೆ ಬಿದ್ದ ತುಪ್ಪ ಹೇಗೂ ಉರಿಯುತ್ತದೆ, ಯಾರೂ ತಡೆಯಲಾರರು. ಆ ಉರಿಯನ್ನು ಸುಮ್ಮನೆ ಹೊತ್ತಿಕೊಂಡ ಬೆಂಕಿಯಿಂದ ಬೇರೆ ಮಾಡುವುದು ಮೊದಲೇ ಆಗಿಹೋದ ಆ ಬಿಡುಗಡೆ. ಗೀತೆಯ ಮೂರನೆಯ ಅಧ್ಯಾಯ ಇನ್ನೊಂದು ಹೆಜ್ಜೆ ಮುಂದಿಟ್ಟು, ದೇವತೆಗಳ ಪಾಲನ್ನು ಕೊಡದೆ ತಾನೊಬ್ಬನೇ ಉಣ್ಣುವವನನ್ನು ಕಳ್ಳನ ಸಾಲಿಗೆ ಸೇರಿಸುತ್ತದೆ. ಪಡೆದದ್ದರಲ್ಲಿ ಒಂದು ಭಾಗ ಮೊದಲಿನಿಂದಲೂ ತನ್ನದಲ್ಲ ಎಂಬ ಅರಿವನ್ನು ಅದು ಬೇಡುತ್ತದೆ.

ಗ್ರೀಕರ ಕಡೆ, ಗುಲಾಮನಾಗಿ ಹುಟ್ಟಿ ತತ್ವಜ್ಞಾನಿಯಾದ ಎಪಿಕ್ಟೀಟಸ್ ಕೂಡ ಇದೇ ದಿಕ್ಕಿನಲ್ಲಿ ಯೋಚಿಸಿದ. ಏನನ್ನೇ ಆಗಲಿ ಕಳೆದುಕೊಂಡೆ ಎನ್ನುವ ಬದಲು ಹಿಂದಿರುಗಿಸಿದೆ ಎನ್ನುವುದನ್ನು ಕಲಿಯಬೇಕೆಂದು ಅವನ ಬೋಧನೆ. ಆದರೆ ಗಾದೆಯ ಕಣ್ಣು ಅವನ ಮೇಲೂ ಇದೆ. ಕಳೆದ ಮೇಲೆ ಮಾತು ಬದಲಿಸಿಕೊಂಡರೆ ಅವನೂ ಹಿಟ್ಟು ಹಾರಿದವನೇ. ಅವನ ಮಾತು ನಿಲ್ಲುವುದು ಒಂದು ಷರತ್ತಿನ ಮೇಲೆ: ಪಡೆದ ದಿನವೇ ಅದು ಸಾಲವೆಂದು ತಿಳಿದಿರಬೇಕು.

ಪೀಪಾಯಿಗೆ ಮರಳಿದರೆ, ದೇವದೂತರ ಪಾಲು ಕಾಣಿಕೆಯಾಗುವ ಗಳಿಗೆ ಯಾವುದೆಂದು ಈಗ ಹೇಳಬಹುದು. ಆವಿ ಹೋಗುವ ಗಳಿಗೆ ಅದಲ್ಲ. ಆಗ ಗೋದಾಮಿನಲ್ಲಿ ಯಾರೂ ಇರುವುದೂ ಇಲ್ಲ. ಬಿರಡೆ ತೆಗೆದು ಕಡಿಮೆಯಾಗಿದೆ ಎಂದು ಕಂಡ ಗಳಿಗೆಯೂ ಅಲ್ಲ. ಹೊಸ ಸಾರಾಯಿಯನ್ನು ಓಕ್ ಮರಕ್ಕೆ ತುಂಬಿದ ಗಳಿಗೆ ಅದು. ಇಷ್ಟು ಹೋಗುತ್ತದೆ ಎಂದು ತಿಳಿದು, ಅಳೆದು, ಒಪ್ಪಿ, ತುಂಬುವವನು ಹಿಟ್ಟು ಹಾರಿದ ಮೇಲೆ ಕೃಷ್ಣನನ್ನು ನೆನೆದವನಂತಲ್ಲ.

ಕಾನೂನೇ ಓಕ್ ಪೀಪಾಯಿಯನ್ನು ಕಡ್ಡಾಯ ಮಾಡಿರುವಾಗ ಒಪ್ಪಿಗೆಯ ಮಾತೆಲ್ಲಿ ಬಂತು ಎಂದು ಕೇಳಬಹುದು. ಹ್ಯಾರಿಸ್‌ನ ಟಾರ್ಬರ್ಟ್‌ನಲ್ಲಿ 2015ರಲ್ಲಿ ತೆರೆದ ಡಿಸ್ಟಿಲರಿ ಅದಕ್ಕೆ ಉತ್ತರ. ಉದ್ಯೋಗವಿಲ್ಲದೆ ಯುವಕರು ಬಿಟ್ಟುಹೋಗುತ್ತಿದ್ದ ದ್ವೀಪದಲ್ಲಿ ಕೆಲಸ ಹುಟ್ಟಿಸುವುದು ಅದರ ಉದ್ದೇಶವಾಗಿತ್ತು. ಸುತ್ತಲಿನ ಕಡಲಿನಿಂದ ತೆಗೆದ ಸಿಹಿ ಪಾಚಿ ಬಳಸಿ ಅವರು ಮಾಡಿದ ಜಿನ್ ಅದೇ ವರ್ಷ ಮಾರುಕಟ್ಟೆಗೆ ಬಂತು. ಜಿನ್‌ಗೆ ಪೀಪಾಯಿ ಬೇಡ, ಕಾಯುವುದೂ ಬೇಡ. ಅಷ್ಟಕ್ಕೇ ನಿಂತಿದ್ದರೆ ದೇವದೂತರಿಗೆ ಹನಿಯೂ ಸಲ್ಲುತ್ತಿರಲಿಲ್ಲ. ಆದರೂ ಪೀಪಾಯಿಗಳನ್ನು ತುಂಬುತ್ತಾ ಹೋದರು. ಅವರ ಮೊದಲ ವಿಸ್ಕಿ ಹೊರಬಂದದ್ದು 2023ರಲ್ಲಿ. ಅದಕ್ಕಿಟ್ಟ ಹೆಸರು ಹೆರಾಖ್, ಗೇಲಿಕ್ ಭಾಷೆಯಲ್ಲಿ ಹ್ಯಾರಿಸ್‌ನವರು ಎಂದು ಅರ್ಥ. ಎಂಟು ವರ್ಷ ಕಾಯುವುದನ್ನು ಅವರ ಮೇಲೆ ಯಾರೂ ಹೇರಿರಲಿಲ್ಲ.

ದೇವದೂತರು ಎಲ್ಲ ಕಡೆ ಒಂದೇ ಸಮ ಕೇಳುವುದಿಲ್ಲ. ಇದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರುಮಾಡಿದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಅವರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿಯೂ ಸೇರಿದೆ. ಸಮುದ್ರದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತರಿಂದ ಹನ್ನೆರಡರಷ್ಟು ಹಾರಿಹೋಗುತ್ತದೆ. ಹನ್ನೊಂದು ಎಂದು ಹಿಡಿದರೆ, 200 ಲೀಟರಿನ ಪೀಪಾಯಿಯಲ್ಲಿ ಎಂಟು ವರ್ಷಕ್ಕೆ ಉಳಿಯುವುದು ಸುಮಾರು 79 ಲೀಟರ್. ಅಷ್ಟನ್ನು ಕಳೆದುಕೊಳ್ಳಲು ಐಲಾದ ಪೀಪಾಯಿಗೆ ಸುಮಾರು 46 ವರ್ಷ ಬೇಕು. 2013ರಲ್ಲಿ ಅಮೃತ್ ಎಂಟು ವರ್ಷ ಮಾಗಿದ ವಿಸ್ಕಿಯನ್ನು ಹೊರತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್, ಆಸೆಬುರುಕ ದೇವದೂತರು, ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ.

ವಿಸ್ಕಿ ಎಂಬ ಪದದ ಬೇರು ಗೇಲಿಕ್‌ನ ಉಷ್ಕ ಬಾಹ, ಜೀವಜಲ. ಅದು ಲ್ಯಾಟಿನ್‌ನ ಅಕ್ವಾ ವಿಟೆಯ ಅನುವಾದ. ಸ್ಕಾಟ್ಲೆಂಡಿನ ರಾಜಮನೆತನದ 1494ರ ಲೆಕ್ಕಪತ್ರದಲ್ಲಿ, ಅಕ್ವಾ ವಿಟೆ ತಯಾರಿಸಲು ಫ್ರಯರ್ ಜಾನ್ ಕಾರ್ ಎಂಬ ಸನ್ಯಾಸಿಗೆ ಎಂಟು ಬೋಲ್ ಅಳತೆಯ ಮಾಲ್ಟ್ ಕೊಟ್ಟ ನಮೂದು ಇದೆ. ಸನ್ಯಾಸಿಯ ಕೈಯಲ್ಲಿ ಜೀವಜಲವಾಗಿದ್ದದ್ದು ಬೆಂಗಳೂರಿನಲ್ಲಿ ಅಮೃತವೆಂಬ ಹೆಸರು ಪಡೆಯಿತು. ಆ ಹೆಸರಿನ ಹಿಂದಿನ ಪುರಾಣದಲ್ಲೂ ಜಗಳ ನಡೆದದ್ದು ಪಾಲಿಗಾಗಿ. ಕಡಲನ್ನು ದೇವತೆಗಳೂ ಅಸುರರೂ ಕೂಡಿ ಕಡೆದರು. ಅಮೃತ ಬಂದಾಗ ಪಂಕ್ತಿಯಲ್ಲಿ ಒಂದು ಕಡೆಗೆ ಮಾತ್ರ ಬಡಿಸಲಾಯಿತು. ಹಗ್ಗ ಹಿಡಿದು ಎಳೆದವರಲ್ಲಿ ಅರ್ಧ ಜನಕ್ಕೆ ದಕ್ಕಲಿಲ್ಲ ಎಂಬ ಭಾಗವನ್ನು ಕಥೆ ಮುಚ್ಚಿಡುವುದಿಲ್ಲ.

ದೇವದೂತರ ಪಾಲಿನ ಮಾತಿಗೂ ಇಂಥ ಮುಚ್ಚಿಡಬಾರದ ಭಾಗವೊಂದಿದೆ. ಐಲಾದ ದಕ್ಷಿಣ ತೀರದ ಪೋರ್ಟ್ ಎಲೆನ್ ಡಿಸ್ಟಿಲರಿ 1825ರದು. 1980ರ ದಶಕದ ಆರಂಭದಲ್ಲಿ ವಿಸ್ಕಿ ಕೊಳ್ಳುವವರಿಲ್ಲದೆ ಗೋದಾಮುಗಳು ತುಂಬಿಹೋದಾಗ, 1983ರಲ್ಲಿ ಅದನ್ನು ಮುಚ್ಚಿದರು. ಕೆಲಸಗಾರರು ಮನೆಗೆ ಹೋದರು. ಅವರು ತುಂಬಿಟ್ಟಿದ್ದ ಪೀಪಾಯಿಗಳು ಮಾತ್ರ ಉಳಿದು, ಮಾಗಿ, ಮುಂದಿನ ದಶಕಗಳಲ್ಲಿ ಒಂದೊಂದು ಬಾಟಲಿ ಸಾವಿರಾರು ಪೌಂಡಿಗೆ ಮಾರಾಟವಾಯಿತು. ಆ ಹಣದಲ್ಲಿ ತುಂಬಿದವರ ಪಾಲು ಎಷ್ಟು? ಅವರ ಕೈತಪ್ಪಿದ ವರ್ಷಗಳನ್ನೂ ದೇವದೂತರ ಲೆಕ್ಕಕ್ಕೆ ಬರೆಯಬಹುದೆ?

ಬರೆಯಬಾರದು. ಈ ದ್ವೀಪಗಳಿಗೆ ಅದರ ಪಾಠ ಚೆನ್ನಾಗಿ ಗೊತ್ತು. 1831ರಲ್ಲಿ ಐಲಾದಲ್ಲಿ ಸುಮಾರು 15,000 ಜನರಿದ್ದರು. ಇಂದು ಇರುವುದು ಮೂರು ಸಾವಿರದ ಆಚೀಚೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟನಾಡು ಮತ್ತು ದ್ವೀಪಗಳಿಂದ ಜಮೀನ್ದಾರರು ಕುರಿ ಸಾಕಲೆಂದು ಒಕ್ಕಲುಗಳನ್ನು ಎಬ್ಬಿಸಿದರು. ಬಡತನ, ಬೆಳೆನಾಶಗಳೂ ಸೇರಿ ಜನ ಕೆನಡಾ, ಆಸ್ಟ್ರೇಲಿಯಾಗಳ ಹಡಗು ಹತ್ತಿದರು. ಐಲಾದ ನೈಋತ್ಯ ಮೂಲೆಯ ಓ ಎಂಬ ಪ್ರದೇಶದಲ್ಲಿ ಛಾವಣಿಯಿಲ್ಲದ ಕಲ್ಲುಮನೆಗಳು ಈಗಲೂ ನಿಂತಿವೆ. ಒಕ್ಕಲೆಬ್ಬಿಸಿದ ಕಾಲದಲ್ಲಿ ಅದನ್ನು ದೈವೇಚ್ಛೆಯೆಂದು ಸಹಿಸಿಕೊಳ್ಳಲು ಉಪದೇಶಿಸಿದ ಪಾದ್ರಿಗಳಿದ್ದರು ಎಂದು ಆಗಿನವರೇ ದೂರಿದ್ದಾರೆ. ಹಿಟ್ಟನ್ನು ಗಾಳಿಗೆ ಒಡ್ಡಿದವನೊಬ್ಬ, ಹಿಟ್ಟು ಹೋದದ್ದು ಇನ್ನೊಬ್ಬನದು, ಕೃಷ್ಣಾರ್ಪಣವೆಂದದ್ದು ಮೂರನೆಯವನು.

ಕುಡಿತದಿಂದ ಕೆಟ್ಟ ಮನೆಗಳ ಮಾತೂ ಇದಕ್ಕೆ ಸೇರಿದ್ದೇ. ಸ್ಕಾಟ್ಲೆಂಡ್ 2018ರ ಮೇ 1ರಿಂದ ಮದ್ಯಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿತು. ಅಗ್ಗದ ಮದ್ಯದಿಂದ ಸಾಯುತ್ತಿದ್ದವರ ಸಂಖ್ಯೆ ಆ ಕ್ರಮವನ್ನು ಅನಿವಾರ್ಯ ಮಾಡಿತ್ತು. ಗಂಡನ ಕುಡಿತಕ್ಕೆ ಸಂಬಳ ಕಳೆದುಕೊಂಡ ಹೆಂಡತಿಗೆ, ಸ್ಕಾಟ್ಲೆಂಡಿನವಳಾಗಲಿ ಕರ್ನಾಟಕದವಳಾಗಲಿ, ಆ ಹಣ ಯಾವ ದೇವದೂತನಿಗೂ ಸಂದಿಲ್ಲ. ತ್ಯಾಗ ಮಾಡುವ ಅಧಿಕಾರ ವಸ್ತುವಿನ ಯಜಮಾನನಿಗೆ ಮಾತ್ರ ಎಂಬ ಮೀಮಾಂಸಕರ ನಿಯಮ ಇಲ್ಲಿ ಕರುಣೆಯ ನಿಯಮವೂ ಆಗುತ್ತದೆ. ತನ್ನ ಪೀಪಾಯಿಯ ಖಾಲಿ ಜಾಗಕ್ಕೆ ಯಾರೇ ಆಗಲಿ ದೇವರ ಹೆಸರಿಡಬಹುದು, ಅದೂ ಮೊದಲೇ ಒಪ್ಪಿಕೊಂಡಿದ್ದರೆ. ಪಕ್ಕದ ಮನೆಯ ಖಾಲಿ ಪಾತ್ರೆಗೆ ಆ ಹೆಸರನ್ನು ಅಂಟಿಸಲು ಬರುವುದಿಲ್ಲ. ಅದನ್ನು ತುಂಬಿಕೊಡುವ ಕೆಲಸ ಬಾಕಿಯಿರುತ್ತದೆ.

ತುಂಬಿಕೊಡುವುದು ಹೇಗಿರುತ್ತದೆ ಎಂಬುದಕ್ಕೂ ಬೋಮೋರ್‌ನಲ್ಲಿ ಒಂದು ಸಣ್ಣ ಉದಾಹರಣೆ ಇದೆ. ಡಿಸ್ಟಿಲರಿಯ ಹಳೆಯ ಗೋದಾಮೊಂದು ಈಗ ಊರಿನ ಈಜುಕೊಳ. ಭಟ್ಟಿ ತಂಪು ಮಾಡುವಾಗ ಹೊರಬೀಳುವ, ಹೇಗೂ ಗಾಳಿಗೆ ಹೋಗುತ್ತಿದ್ದ ಬಿಸಿಯಿಂದ ಕೊಳದ ನೀರನ್ನು ಕಾಯಿಸುತ್ತಾರೆ. ಹೊರಗೆ ಅಟ್ಲಾಂಟಿಕ್‌ನ ಚಳಿಗಾಳಿ ಬೀಸುತ್ತಿರುವಾಗ, ಒಂದು ಕಾಲಕ್ಕೆ ಪೀಪಾಯಿಗಳು ಮಲಗಿದ್ದ ಕಟ್ಟಡದ ಬೆಚ್ಚಗಿನ ನೀರಿನಲ್ಲಿ ದ್ವೀಪದ ಮಕ್ಕಳು ಈಜು ಕಲಿಯುತ್ತಾರೆ.

ಪೋರ್ಟ್ ಎಲೆನ್ 41 ವರ್ಷದ ನಂತರ, 2024ರ ಮಾರ್ಚ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಹಳೆಯ ಭಟ್ಟಿಗಳು ಉಳಿದಿರಲಿಲ್ಲ. ಅದೇ ಆಕಾರದ, ಅದೇ ಅಳತೆಯ ಹೊಸ ತಾಮ್ರದ ಭಟ್ಟಿಗಳನ್ನು ಮಾಡಿಸಿದರು. ಮುಚ್ಚುವ ಮುಂಚೆ ತುಂಬಿದ ಕೊನೆಯ ಪೀಪಾಯಿಗಳು 2024ರಲ್ಲಿ ಎಷ್ಟು ವಯಸ್ಸಾಗಿದ್ದವೋ, ಆ ವರ್ಷ ತುಂಬಿದವು ಅಷ್ಟು ವಯಸ್ಸಿಗೆ ಬರುವುದು 2065ರಲ್ಲಿ. 2024ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಇಪ್ಪತ್ತರ ಹುಡುಗಿಗೆ ಆಗ ಅರವತ್ತು ದಾಟಿರುತ್ತದೆ. ಐವತ್ತರ ಮೇಲ್ವಿಚಾರಕ ಇರುತ್ತಾನೋ ಇಲ್ಲವೋ. ಆ ಹೊತ್ತಿಗೆ ಪೀಪಾಯಿಯ ಅರ್ಧಕ್ಕಿಂತ ಹೆಚ್ಚು ಕಡಲಗಾಳಿಗೆ ಸೇರಿಹೋಗಿರುತ್ತದೆ. ಅದು ಗೊತ್ತಿದ್ದೂ ಪ್ರತಿ ಪೀಪಾಯಿಯನ್ನೂ ಬಾಯಿಯವರೆಗೆ ತುಂಬುತ್ತಾರೆ. ಬಿರಡೆಯನ್ನು ತೂತಿಗಿಟ್ಟು, ಅದೇ ಕೊಡತಿಯಿಂದ ಹೊಡೆದು ಕೂರಿಸುತ್ತಾರೆ. ಆಮೇಲೆ ಪೀಪಾಯಿಯ ದುಂಡನೆಯ ಮುಖದ ಮೇಲೆ ಡಿಸ್ಟಿಲರಿಯ ಹೆಸರು, ಪೀಪಾಯಿಯ ನಂಬರು, ತುಂಬಿದ ವರ್ಷ. ತೆರೆಯುವ ವರ್ಷಕ್ಕೆ ಅಲ್ಲಿ ಜಾಗ ಬಿಟ್ಟಿರುವುದಿಲ್ಲ. ಇಬ್ಬರು ಅದನ್ನು ಉರುಳಿಸಿಕೊಂಡು ಕತ್ತಲ ಗೋದಾಮಿನ ಒಳಕ್ಕೆ ಹೋಗುತ್ತಾರೆ.